ಕೊನೆಯ ತೊಳೆ

ಯಾರೋ ಕಿತ್ತಳೆ ಸುಲಿಯುತ್ತಿದ್ದಾರೆ, ಪಕ್ಕದ ಮೇಜಿನವನೇ ಇರಬೇಕು, ಶೇರುಪೇಟೆ ತೆರೆದು ಹನ್ನೊಂದು ನಿಮಿಷ, ಪರದೆಯಲ್ಲಿ ಗಾಜಿನ ಕಾರ್ಖಾನೆಯ ಶೇರು ನಲವತ್ತರಿಂದ ಹದಿನೇಳಕ್ಕೆ ಬಿದ್ದಿದೆ, ಈಗ ಹದಿನಾರು — ಅಣ್ಣ ಕುಲುಮೆಯ ಮುಂದಿರುತ್ತಾನೆ, ಒಳಗೆ ಫೋನು ಒಯ್ಯುವಂತಿಲ್ಲ, ಅವನಿಗಿನ್ನೂ ಗೊತ್ತಿಲ್ಲ, ಇಪ್ಪತ್ತೆರಡು ವರ್ಷ ಆ ಬೆಂಕಿ ಕಾದವನಿಗೆ ಬೋನಸ್ಸಿನ ಬದಲು ಕೊಟ್ಟ ಶೇರುಗಳು, ಅವೇ ಅವನ ಗಂಟು. ನಮ್ಮ ಬ್ಯಾಂಕಿಗೆ ಬುಧವಾರವೇ ಗೊತ್ತಿತ್ತು, ಕಾರ್ಖಾನೆಯ ಸಾಲಪತ್ರ ಕೊಂಡು ಅದಕ್ಕೆ ದುಡ್ಡು ಕೊಡುತ್ತಿದ್ದ ಮೂರು ದೇಶಗಳ ಪಿಂಚಣಿ ನಿಧಿಗಳು ಇನ್ನು ಬೇಡ ಎಂದವು, ಒಂದೇ ಫೋನ್ ಕರೆಯಲ್ಲಿ ಏಳು ಜನ, ಆ ಕುಲುಮೆಯನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ, ಎಲ್ಲವನ್ನೂ ಬರೆದುಕೊಂಡವಳು ನಾನು. ಯಾರನ್ನು ಬೈಯಲಿ, ಆ ನಿಧಿಯೂ ಯಾವುದೋ ಊರಿನ ಮುದುಕರ ದುಡ್ಡೇ. ಮನೆಯವರಿಗೂ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿದ್ದೇನೆ, ಬಿಟ್ಟರೆ ಜೈಲು —

ನಿನ್ನೆ ಭಾನುವಾರ ಅಣ್ಣನ ಅಡುಗೆಮನೆ, ಕೆಮ್ಮುತ್ತ ಕಿತ್ತಳೆ ಸುಲಿಯುತ್ತಾನೆ, ಡಾಕ್ಟ್ರು ಬೆಂಕಿ ಮುಂದೆ ನಿಲ್ಬೇಡ ಅಂದ್ರು ಕಣೇ, ಎಲ್ಲಾ ಮಾರಿ ಈಗ್ಲೇ ಕೆಲಸ ಬಿಡ್ಲಾ, ಇನ್ನೊಂದು ವರ್ಷ ನೋಡ್ಲಾ, ನೀನು ಹೇಳ್ದಂಗೆ. ಕೊನೆಯ ತೊಳೆಯನ್ನು ನನ್ನ ಅಂಗೈಗಿಟ್ಟ, ಚಿಕ್ಕಂದಿನಿಂದಲೂ ಕೊನೆಯದು ನನಗೇ, ನಾನು ಅದನ್ನು ಬಾಯಿಗೆ ಹಾಕಿಕೊಂಡೆ, ಬಾಯಿ ತುಂಬಿದ್ದರೆ ಮಾತಾಡಬೇಕಿಲ್ಲವಲ್ಲ, ಅಗಿದೆ, ಅಗಿದೇ ಅಗಿದೆ. ಅತ್ತಿಗೆ ಒಲೆಯ ಮುಂದಿನಿಂದ ತಿರುಗಿ ನನ್ನ ಮುಖವನ್ನೇ ನೋಡಿದಳು. ಅಣ್ಣ ನಕ್ಕುಬಿಟ್ಟ. ಇವಳು ಸುಮ್ನಿದ್ದಾಳೆ ಅಂದ್ರೆ ಭಯ ಇಲ್ಲ ಬಿಡು, ಕೆಟ್ಟದ್ದಿದ್ರೆ ನನ್ನ ತಂಗಿ ಹೇಳ್ದೇ ಇರ್ತಾಳಾ, ನಮ್ಮ ಪಾಳಿಯವ್ರಿಗೂ ಹೇಳ್ತೀನಿ, ಯಾರೂ ಮಾರ್ಬೇಡಿ ಅಂತ. ಬೇಡ ಅಣ್ಣಾ ಅನ್ನಬಹುದಿತ್ತು, ಅಷ್ಟನ್ನಾದರೂ ಅನ್ನಬಹುದಿತ್ತು, ಎರಡೇ ಪದ, ನುಂಗಿಬಿಟ್ಟೆ.

ಶೇರು ಈಗ ಹನ್ನೆರಡು. ನಮಗಿಂತ ಮೊದಲು ಬೆಳಗಾಗುವ ಊರಿನಲ್ಲಿ ಸಾಲಪತ್ರ ಮಾರಿದರು, ಅದನ್ನು ಕಂಡು ಇಲ್ಲಿಯ ಕಂಪ್ಯೂಟರುಗಳು ತಾವಾಗಿಯೇ ಶೇರು ಮಾರುತ್ತಿವೆ, ಸುದ್ದಿ ಎಲ್ಲರನ್ನೂ ಮುಟ್ಟಿ ಕೊನೆಗೆ ಕುಲುಮೆಗೆ ಹೋಗುತ್ತದೆ. ಮೇಲಧಿಕಾರಿ ಬೆನ್ನ ಹಿಂದೆ ನಿಂತು, ಒಂದು ಮಾತೂ ಹೊರಗೆ ಹೋಗ್ಲಿಲ್ಲ, ಭೇಷ್. ಪರದೆಯಲ್ಲಿ ಒಂಬತ್ತು. ಚಹಾದ ಬಿಡುವು ಈಗ, ಅಣ್ಣ ಹೊರಗೆ ಬಂದಿರುತ್ತಾನೆ, ಪಾಳಿಯವರೆಲ್ಲ ಅವನ ಸುತ್ತ — ಮೇಜಿನ ಮೇಲೆ ಫೋನು ನಡುಗುತ್ತಿದೆ, ಅಣ್ಣ, ಅಣ್ಣ, ಪಕ್ಕದವನು ಕೈ ಚಾಚಿ, ತಗೊಳ್ಳಿ ಮೇಡಂ, ಕೊನೇದು, ನನ್ನ ಅಂಗೈ ತಾನಾಗಿ ತೆರೆಯುತ್ತದೆ, ಅದರಲ್ಲಿ ಒಂದು ತೊಳೆ, ಫೋನು ನಿಂತಿತು, ಮತ್ತೆ ಶುರುವಾಯಿತು, ಅಂಗೈಯಲ್ಲಿ ತೊಳೆ, ಅಂಗೈಯಲ್ಲಿ ತೊಳೆ —