ಗಡಂಗಿನ ಕಿಂಡಿ

ಮಲೆನಾಡಿನ ನಗರವೆಂಬ ಊರಿನಿಂದ ಹುಲಿಕಲ್ಲಿಗೆ ಹೋಗುವ ರಸ್ತೆಯ ತಿರುವಿನಲ್ಲಿ ಹುಲ್ಲು ಹೊದಿಸಿದ ಹಳೆಯ ಗಡಂಗೊಂದಿದೆ. ಬಗನಿ ಮರದ ಹೆಂಡ ಮಾರುತ್ತಿದ್ದ ಕಾಲದಲ್ಲಿ ಈಗಿನ ಒಡತಿ ಜಲಜಮ್ಮನ ಮಾವ ಅದನ್ನು ಕಟ್ಟಿಸಿದ್ದರು. ದಪ್ಪ ಮಣ್ಣಿನ ಗೋಡೆ, ಮತ್ತಿ ಮರದ ಕಂಬಗಳು, ತಲೆ ಬಗ್ಗಿಸದೆ ದಾಟಲಾಗದ ಬಾಗಿಲು. ಹೆಂಡ ನಿಂತ ಮೇಲೆ ಅದು ಸೌದೆ ತುಂಬುವ ಕೊಟ್ಟಿಗೆಯಾಯಿತು. ಕಳೆದ ವರ್ಷ ಜಲಜಮ್ಮನ ಮಗ ದಿನೇಶ್ ಅದನ್ನು ದುರಸ್ತಿ ಮಾಡಿಸಿ, ಘಟ್ಟ ಇಳಿಯುವ ಪ್ರವಾಸಿಗರಿಗೆ ಬಿಯರು, ಮೀನೂಟ ಕೊಡುವ ಜಾಗವನ್ನಾಗಿ ಮಾಡಿದ.

ಹಿಂದಿನ ಗೋಡೆಯಲ್ಲಿ ಮೊಳದಗಲದ ಒಂದು ಕಿಂಡಿಯಿತ್ತು. ಪ್ರವಾಸಿಗರು ಅದರಲ್ಲಿ ಮುಖ ಇಟ್ಟು ಫೋಟೋ ತೆಗೆಸಿಕೊಳ್ಳಲಿ ಎಂದು ದಿನೇಶ್ ಅದಕ್ಕೆ ಬಣ್ಣ ಬಳಿಸಿದ.

ಪ್ರಾರಂಭೋತ್ಸವಕ್ಕೆ ಕೇರಿಯ ಬೆಳ್ಳಪ್ಪನನ್ನೂ ಕರೆದಿದ್ದರು. ಅರವತ್ತೈದು ದಾಟಿದ, ಹಿಂದೆ ಪಂಚಾಯ್ತಿ ಸದಸ್ಯನಾಗಿದ್ದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ದಿನೇಶ್ ಒಂದು ತೆಂಗಿನ ಚಿಪ್ಪು ಹಿಡಿದು ಬಂದ.

"ಬೆಳ್ಳಪ್ಪಣ್ಣ, ಒಂದು ವೀಡಿಯೋ ಮಾಡಾಣ. ನೀವು ಹೊರಗಿಂದ ಕಿಂಡೀಲಿ ಚಿಪ್ಪು ಚಾಚಿ, ನಾನು ಒಳಗಿಂದ ಹುಯ್ತೀನಿ. ಹಳೇ ಕಾಲದ ಥರ."

ಬೆಳ್ಳಪ್ಪ ಚಿಪ್ಪು ಮುಟ್ಟಲಿಲ್ಲ. "ಹಳೇ ಕಾಲದ ಥರನಾ? ಮೂರು ಕಡೆ ಸೂರು ಭುಜದ ಮಟ್ಟಕ್ಕೆ ಇಳಿದೈತೆ. ಕಿಂಡಿ ಕಡೆ ಮಾತ್ರ ಯಾಕೆ ಮೋಟು, ಗೊತ್ತಾ ನಿಂಗೆ?"

"ಬೆಳಕು ಬರ್ಲಿ ಅಂತ ಇರಬಹುದು."

"ಬೆಳಕಲ್ಲ ಕಣೋ! ನಮ್ಮೋರು ಸೂರಡಿ ನಿಲ್ಲಬಾರ್ದು ಅಂತ. ಮಳೇಲಿ ನಿಂತು ಕುಡಿದು ಹೋಗ್ಬೇಕು ಅಂತ."

ಕುರ್ಚಿ ಹಾಕುತ್ತಿದ್ದವರು ಕೆಲಸ ನಿಲ್ಲಿಸಿದರು. ಬೆಳ್ಳಪ್ಪ ದನಿ ತಗ್ಗಿಸಲಿಲ್ಲ.

"ಒಂದು ಆಷಾಢದಲ್ಲಿ ಮಳೆ ತಡಿಲಾರ್ದೆ ನಮ್ಮಪ್ಪ ಈ ಬಾಗ್ಲೊಳಗೆ ಕಾಲಿಟ್ಟ. ನಿಮ್ಮಜ್ಜ ಕುತ್ತಿಗೆಗೆ ಕೈ ಹಾಕಿ ದಬ್ಬಿದ್ರು. ಅಪ್ಪ ಅಂಗಳದಲ್ಲಿ ನಿಂತು ನೋಡ್ತಿದ್ದಾಗ್ಲೇ ಸಗಣಿ ನೀರು ಹಾಕಿ ಹೊಸಿಲು ತೊಳೆಸಿದ್ರು. ಆಮೇಲೆ ಅವನು ಈ ದಾರೀಲಿ ತಲೆ ಎತ್ತಿ ನಡೀಲಿಲ್ಲ. ಅದನ್ನ ನಾನು ನಿಂಗೆ ನಕ್ಕೊಂಡು ಮಾಡಿ ತೋರಿಸ್ಬೇಕಾ?"

ಊಟ ಮಾಡದೆಯೇ ಹೊರಟುಹೋದ.

ದಿನೇಶನಿಗೆ ಭಯವಾಯಿತು. ಮಾತು ಹಬ್ಬಿದರೆ ಗಿರಾಕಿಗಳು ಬರಲಾರರು ಅನ್ನಿಸಿತು. ಮರುದಿನವೇ ಗಾರೆಯವನನ್ನು ಕರೆಸಿ ಕಿಂಡಿಗೆ ಕಲ್ಲು ಕಟ್ಟಿಸಿ, ಮಣ್ಣು ಮೆತ್ತಿಸಿದ. ಅಲ್ಲಿ ಕಿಂಡಿಯಿತ್ತೆಂದು ಯಾರಿಗೂ ತಿಳಿಯದಂತಾಯಿತು. ಸಂಜೆ ಬೆಳ್ಳಪ್ಪನ ಮನೆಗೇ ಹೋಗಿ ಹೇಳಿದ: "ತಪ್ಪಾಯ್ತು ಅಣ್ಣ. ಮುಚ್ಚಿಸಿಬಿಟ್ಟೆ."

ಬೆಳ್ಳಪ್ಪ ಜಗಲಿಯಿಂದ ಎದ್ದು ನಿಂತ. "ಮುಚ್ಚು ಅಂತ ಯಾರು ಹೇಳಿದ್ರು?"

"ನಿಮಗೆ ಬೇಜಾರಾಯ್ತಲ್ಲ ಅಂತ..."

"ನಾಳೆ ನಿನ್ನ ಮಕ್ಕಳು ಅಂಥದ್ದೇನೂ ಇರ್ಲಿಲ್ಲ ಅಂತಾರೆ. ನಮ್ಮಪ್ಪ ಅಲ್ಲಿ ನಿಂತೇ ಇರ್ಲಿಲ್ಲ ಅಂತಾರೆ. ತೆಗೆಸು ಅದನ್ನ. ಏನಕ್ಕಿತ್ತು ಅಂತ ಬರೆದು ಹಾಕು."

"ಅದನ್ನೆಲ್ಲ ಬರೆದು ಯಾರಾದ್ರೂ ವ್ಯಾಪಾರ ಮಾಡ್ತಾರಾ?" ಎಂದ ದಿನೇಶ್. ಹಾಗೆ ಅಂದವನು ಹಿಂದೆ ನೋಡದೆ ಬೈಕ್ ಹತ್ತಿದ.

ಭಾನುವಾರ ಮಧ್ಯಾಹ್ನ ಗಡಂಗು ತುಂಬಿತ್ತು. ಬೆಳ್ಳಪ್ಪ ಹಾರೆ ಹಿಡಿದು ಮುಂಬಾಗಿಲಿನಿಂದಲೇ ಒಳಗೆ ಬಂದ. ಮೇಜುಗಳ ನಡುವೆ ಹಾದು ಹಿಂದಿನ ಗೋಡೆಯ ಹತ್ತಿರ ಹೋಗಿ, "ಸ್ವಲ್ಪ ಆಚೆ ಸರೀರಿ" ಎಂದು ಅಲ್ಲಿ ಕುಳಿತಿದ್ದವರನ್ನು ಎಬ್ಬಿಸಿದ. ಮೊದಲ ಹೊಡೆತಕ್ಕೆ ಮಣ್ಣು ಉದುರಿತು. ದಿನೇಶ್ ಓಡಿ ಬಂದು ಹಾರೆಗೆ ಕೈ ಹಾಕಿದ.

"ಪೊಲೀಸ್‌ಗೆ ಫೋನ್ ಮಾಡ್ತೀನಿ ನೋಡಿ!"

"ಮಾಡು." ಹೇಳಿದ್ದು ಬೆಳ್ಳಪ್ಪನಲ್ಲ. ಅಡುಗೆ ಕೋಣೆಯ ಬಾಗಿಲಲ್ಲಿ ಜಲಜಮ್ಮ ನಿಂತಿದ್ದಳು. ಮೀನಿನ ಮಸಾಲೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. "ಬರ್ಲಿ ಅವ್ರು. ಯಾಕೆ ಒಡೆದ ಅಂತ ಕೇಳಿದ್ರೆ ನಾನೇ ಹೇಳ್ತೀನಿ. ಕೈ ಬಿಡು ದಿನೇಶ."

"ಅಮ್ಮ, ಗಿರಾಕಿಗಳು..."

"ಬಿಡು ಅಂದೆ!"

ದಿನೇಶ್ ಕೈ ಬಿಟ್ಟ. ಒಂದೊಂದೇ ಕಲ್ಲು ಹಿಂದಿನ ಅಂಗಳಕ್ಕೆ ಬಿದ್ದಿತು. ಕಿಂಡಿಯ ಅಂಚು ಒಡೆದು ಮೊದಲಿಗಿಂತ ದೊಡ್ಡದಾಯಿತು. ಕೆಲವರು ತಟ್ಟೆ ಬಿಟ್ಟು ಎದ್ದುಹೋದರು. ಬೆಂಗಳೂರಿನ ಕಡೆಯ ಹೆಂಗಸೊಬ್ಬಳು, "ಏನಿದು?" ಎಂದು ಕೇಳಿದಳು. ಜಲಜಮ್ಮ ಅವಳ ಮೇಜಿನ ಹತ್ತಿರ ನಿಂತು, ತನ್ನ ಮಾವನ ಹೆಸರು ಹಿಡಿದೇ, ಎಲ್ಲವನ್ನೂ ಹೇಳಿದಳು.

ಪೊಲೀಸರನ್ನು ದಿನೇಶ್ ಕರೆಯಲಿಲ್ಲ. ಒಡೆದ ಗೋಡೆ ಹಾಗೆಯೇ ಇದೆ. ಬರೆದ ಫಲಕ ಇನ್ನೂ ಬಂದಿಲ್ಲ. ಕೇಳಿದವರಿಗೆ ಜಲಜಮ್ಮನೇ ಹೇಳುತ್ತಾಳೆ, ಆಗ ಮಗ ಎದ್ದು ಹೊರಗೆ ಹೋಗುತ್ತಾನೆ. ಅವಳು ಎರಡು ಸಲ ಬೆಳ್ಳಪ್ಪನನ್ನು ಊಟಕ್ಕೆ ಕರೆದಳು.

"ಫಲಕ ಹಾಕಿದ ದಿನ ಬರ್ತೀನಿ ಜಲಜಕ್ಕ" ಎಂದ ಬೆಳ್ಳಪ್ಪ. "ಅಲ್ಲೀತನಕ ನಿಮ್ಮ ಅನ್ನ ನಂಗೆ ಇಳಿಯಲ್ಲ."