ಮೊದಲು ಇಳಿಯಬೇಕಾದದ್ದು ಕುಕ್ಕರ್

ಬೋರಮ್ ಹೊಟ್ಟೆಯಲ್ಲಿದ್ದಾಗ ಮಾಲ್ಸುನ್ ತನ್ನ ಅತ್ತೆಗೆ ಮಾತು ಕೊಟ್ಟಿದ್ದಳು: ಸೊನ್ ನೆಲದ ಮೇಲಿರುವ ದಿನ ಎಂದೂ ಹೊಸ ಮನೆ ಹೂಡುವುದಿಲ್ಲ. ಸೊನ್ ಎಂದರೆ ದಿಕ್ಕಿನಿಂದ ದಿಕ್ಕಿಗೆ ಅಲೆಯುತ್ತ ಮನುಷ್ಯರಿಗೆ ಅಡ್ಡಗಾಲು ಹಾಕುವ ಪೀಡೆ. ಚಂದ್ರನ ಲೆಕ್ಕದ ಒಂಬತ್ತು, ಹತ್ತು, ಹತ್ತೊಂಬತ್ತು, ಇಪ್ಪತ್ತು ಹೀಗೆ ಕೆಲವು ದಿನ ಮಾತ್ರ ಅದು ಆಕಾಶಕ್ಕೆ ಹೋಗಿರುತ್ತದೆ. ಅತ್ತೆ ಒಮ್ಮೆ ದಿನ ನೋಡದೆ ಮನೆ ಬದಲಿಸಿ ಆ ವರ್ಷವೇ ಒಂದು ಕೂಸನ್ನು ಕಳೆದುಕೊಂಡವಳು. "ನನ್ನ ಪಾಡು ನಿನಗೆ ಬೇಡ ಕಣೇ" ಎಂದಿದ್ದಳು. ಈಗ ಅತ್ತೆ ಇಲ್ಲ. ಆ ಮಾತಿನಿಂದ ಬಿಡಿಸುವವರೂ ಇಲ್ಲ.

ಸಾಮಾನಿನ ಲಾರಿ ಗೊತ್ತುಮಾಡಿದ್ದು ಗಂಡ ಚೋಲ್ಗು, ಹತ್ತೊಂಬತ್ತನೇ ತಾರೀಖಿಗೆ. ಒಳ್ಳೆಯ ದಿನಕ್ಕೆ ಡೇಗು ಊರೆಲ್ಲ ಲಾರಿಗೆ ಮುಗಿಬೀಳುವಾಗ ಇವರಿಗೆ ಅಷ್ಟು ಸಲೀಸಾಗಿ ಸಿಕ್ಕಿದ್ದೇ ಮಾಲ್ಸುನ್‌ಗೆ ಅನುಮಾನ. ಲಾರಿ ಬರಲು ಮೂರು ದಿನವಿರುವಾಗ, ಬೆಳಿಗ್ಗೆ ಕ್ಯಾಲೆಂಡರಿಗೆ ಮೂಗು ತಾಗಿಸಿ ಹತ್ತೊಂಬತ್ತೆಂಬ ದೊಡ್ಡ ಅಂಕಿಯ ಕೆಳಗಿನ, ಚಂದ್ರನ ಲೆಕ್ಕದ ಸಣ್ಣ ಅಂಕಿ ಓದಿದಳು. ಹದಿಮೂರು.

"ಬೋರಮ್ ಅಪ್ಪ! ದೊಡ್ಡ ಅಂಕಿ ನೋಡಿ ಹೇಳಿದ್ರಾ?"

"ಕಣ್ಣಿಗೆ ಕಾಣೋದು ಅದೇ ತಾನೆ?"

"ಹದಿಮೂರಕ್ಕೆ ಸೊನ್ ದಕ್ಷಿಣದಲ್ಲಿರುತ್ತೆ. ನಮ್ಮ ಹೊಸ ಮನೆ ಯಾವ ಕಡೆಗಿದೆ?"

ಚೋಲ್ಗು ದಕ್ಷಿಣದ ಕಿಟಕಿ ನೋಡಿ ತಲೆ ಕೆರೆದುಕೊಂಡ. ಮುಂದಕ್ಕೆ ಹಾಕುವಂತಿರಲಿಲ್ಲ, ಈ ಮನೆಗೆ ಬರುವವರು ಆಗಲೇ ಗಂಟುಮೂಟೆ ಕಟ್ಟಿ ಕೂತಿದ್ದರು.

"ಇವತ್ತಿನ ಸಣ್ಣ ಅಂಕಿ ಎಷ್ಟು?" ಎಂದು ಕೇಳಿದ.

"ಹತ್ತು."

"ಮತ್ತಿನ್ನೇನು! ಕುಕ್ಕರ್ ಇಳಿಸಿ ಬರೋಣ, ನಡಿ."

ಅಕ್ಕಿ ತುಂಬಿದ ಕುಕ್ಕರ್ ಎಲ್ಲಿ ಇಳಿಯಿತೋ ಮನೆ ಅಲ್ಲಿಗೆ ಬಂದಂತೆ. ಮಂಚ, ಬೀರು ಆಮೇಲೆ ಯಾವಾಗ ಬಂದರೂ ಸೊನ್ ಕಣ್ಣಿಗೆ ಅವು ಬರೀ ಸಾಮಾನು.

ಆದರೆ ಹೊಸ ಮನೆಯಲ್ಲಿ ನಾಮ್ ಅಜ್ಜಿಯ ಬಿಡಾರ ಇನ್ನೂ ಎದ್ದಿರಲಿಲ್ಲ. ಅವಳೂ ಖಾಲಿ ಮಾಡುವುದು ಹತ್ತೊಂಬತ್ತಕ್ಕೇ. ಮಾಲ್ಸುನ್ ತೋಳಲ್ಲಿದ್ದ ಕುಕ್ಕರ್ ಕಂಡದ್ದೇ ಬಾಗಿಲಿಗೆ ಅಡ್ಡ ನಿಂತಳು.

"ನಾನಿನ್ನೂ ಉಣ್ತಿರೋ ಮನೇಲಿ ನಿನ್ನ ಅನ್ನ ಬೇಯೋದಾ? ನನ್ನ ಪಾಲಿನ ತುತ್ತು ಏನಾಗಬೇಕು?"

ಅದು ನ್ಯಾಯವೇ. ಇವತ್ತು ತಪ್ಪಿದರೆ ಲಾರಿ ಬರುವ ಮೊದಲು ಬೇರೆ ಒಳ್ಳೆಯ ದಿನವಿಲ್ಲ. ಮಾಲ್ಸುನ್ ಕೇಳಿದಳು, "ನಿಮ್ಮ ಕುಕ್ಕರ್ ಕಳಿಸಾಯ್ತಾ ಅಜ್ಜಿ?"

ಅಜ್ಜಿಯ ದನಿ ಇಳಿಯಿತು. "ಮಗಳ ಮನೆಗೆ ಹೋಗ್ತಿರೋದು. ಅವಳ ಹತ್ತಿರ ದೊಡ್ಡದಿದೆಯಂತೆ, ನನ್ನದು ಬೇಡವಂತೆ. ಮುದುಕಿಗೆ ದಿನ ಯಾರು ನೋಡ್ತಾರೆ?"

"ನಾವು ನೋಡ್ತೀವಿ. ದಿನ ಇವತ್ತೇ. ಅಕ್ಕಿ ತುಂಬಿಸಿ ಕೊಡಿ, ನಮ್ಮವರು ಹೊತ್ಕೊಂಡು ಹೋಗ್ತಾರೆ."

"ನಾನಾ?" ಎಂದ ಚೋಲ್ಗು.

"ದೊಡ್ಡ ಅಂಕಿ ನೋಡಿದ್ದು ಯಾರು?"

ಅಜ್ಜಿ ನಕ್ಕುಬಿಟ್ಟಳು. ತನ್ನ ಹಳೆಯ ಕುಕ್ಕರಿಗೆ ಅಂಚಿನವರೆಗೆ ಅಕ್ಕಿ ಸುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕೂಸನ್ನು ಕೊಟ್ಟ ಹಾಗೆ ಅವನ ಕೈಗಿತ್ತಳು. "ಬೀಳಿಸಿದ್ರೆ ನೋಡು ಮತ್ತೆ!"

ಮಧ್ಯಾಹ್ನ ಚೋಲ್ಗು ಫೋನ್ ಮಾಡಿದ. "ಇಳಿಸಿದೆ. ಮಗಳು ಮೊದಲು ಗೊಣಗಿದಳು, ಆಮೇಲೆ ಒಲೆ ಪಕ್ಕ ಜಾಗ ಮಾಡಿದಳು. ಈಗ ನನ್ನನ್ನ ಊಟಕ್ಕೆ ಕೂರಿಸಿದ್ದಾಳೆ."

ತನ್ನ ಮನೆ ಮಗಳಲ್ಲಿಗೆ ಹೋಗಿಯಾಯಿತೆಂದು ಅಜ್ಜಿ ಅಡುಗೆಕಟ್ಟೆಯನ್ನು ಒರೆಸಿ ಪಕ್ಕಕ್ಕೆ ಸರಿದಳು. ಮಾಲ್ಸುನ್ ಕುಕ್ಕರ್ ಇಟ್ಟು, ಒಂದಿಷ್ಟು ಅಕ್ಕಿ ತೊಳೆದು ಅನ್ನಕ್ಕಿಟ್ಟಳು. ಇಬ್ಬರೂ ನೆಲದ ಮೇಲೆ ಕೂತು ಮೂಲಂಗಿ ಕಿಮ್ಚಿ ನಂಜಿಕೊಂಡು ಬಿಸಿ ಅನ್ನ ಉಂಡರು.

ಮಾಲ್ಸುನ್ ಅತ್ತೆಗೆ ಕೊಟ್ಟ ಮಾತು ಉಳಿಸಿಕೊಂಡಳು.