ಪಾತ್ರೆಗಳ ಎರಡು ಸಾಲು

ಸದಾಶಿವ ಪೇಠದಲ್ಲಿ ಮಕ್ಕಳಿಗೆ ಗಣಿತದ ಕ್ಲಾಸು ಮುಗಿಸಿ ಬಿಬವೇವಾಡಿಯ ಮನೆಗೆ ಬಂದ ನೀಲಿಮಾ, ಚಪ್ಪಲಿ ಬಿಡುವ ಮೊದಲೇ ಕಿವಿಗೊಟ್ಟಳು. ಅಡುಗೆಮನೆಯಲ್ಲಿ ಪಾತ್ರೆ ಹೇಗೆ ಸದ್ದು ಮಾಡುತ್ತಿದೆ ಎಂಬುದರಿಂದ ಮನೆಯ ಹವೆ ತಿಳಿದುಕೊಂಡೇ ಒಳಗೆ ಕಾಲಿಡುವವಳು ಅವಳು. ಇವತ್ತು ಸದ್ದೇ ಇರಲಿಲ್ಲ.

ಹಾಲ್‌ನ ನೆಲದ ಮೇಲೆ ಹಳೆಯ ಚಾದರ ಹಾಸಿ, ಮನೆಯ ಪಾತ್ರೆಗಳನ್ನೆಲ್ಲ ಎರಡು ಸಾಲಾಗಿ ಹೊಂದಿಸಿ ಇಡಲಾಗಿತ್ತು. ನೀಲಿಮಾ ಬಗ್ಗಿ ನೋಡಿದಳು. ಕಿಟಕಿಯ ಬದಿಯ ತಾಟು, ಡಬ್ಬಿ, ತಂಬಿಗೆಗಳ ಮೇಲೆಲ್ಲ ಅವಳ ಹೆಸರೇ. ಮದುವೆಗೆ ತವರಿನವರು ಕೊರೆಸಿ ಕೊಟ್ಟವು. ಗೋಡೆಯ ಬದಿಯವುಗಳ ಮೇಲೆ ಸುಮಂಗಲಾ ಎಂದಿತ್ತು. ಸುಮಂಗಲಾ ಅವಳ ನೆಗೆಣ್ಣಿ, ಗಂಡ ಸುಹಾಸನ ಅಣ್ಣನ ಹೆಂಡತಿ. ಮದುವೆಯಾಗಿ ಬಂದಾಗಿನಿಂದ ಇಬ್ಬರ ಪಾತ್ರೆಗಳೂ ಒಂದೇ ಅಡುಗೆಕಟ್ಟೆಯ ಮೇಲೆ ಬೆರೆತುಹೋಗಿದ್ದವು, ನಾಲ್ಕೂ ಜನ ಒಂದೇ ಅನ್ನ ಉಣ್ಣುತ್ತಿದ್ದರು.

ಅಡುಗೆಮನೆಯ ಹಿಂದಿನ ಡ್ರೈ ಬಾಲ್ಕನಿಗೆ ಇಣುಕಿದರೆ, ಇಷ್ಟು ದಿನ ಅಟ್ಟದ ಮೇಲಿದ್ದ ಹಳೆಯ ಗ್ಯಾಸ್ ಒಲೆ ಲಕಲಕ ಹೊಳೆಯುತ್ತ ಕೂತಿತ್ತು. ಪಕ್ಕದಲ್ಲಿ ಒಂದು ಸಿಲಿಂಡರ್.

ಧಾರವಾಡದಲ್ಲಿ ನೀಲಿಮಾಳ ತವರು ಒಡೆದದ್ದೂ ಹೀಗೆಯೇ. ಅಲ್ಲಿ ಯಾರೂ ಜಗಳವಾಡಿರಲಿಲ್ಲ. ಒಂದು ಸಂಜೆ ಪಡಸಾಲೆಯಲ್ಲಿ ಪಾತ್ರೆಗಳು ಎರಡು ಪಾಲಾದವು, ಹಿತ್ತಲಲ್ಲಿ ಇನ್ನೊಂದು ಒಲೆ ಹೊತ್ತಿತು. ಒಲೆ ಎರಡಾದ ಮೇಲೆ ಮನೆ ಎರಡಾಯಿತೆಂದು ಬಾಯಿಬಿಟ್ಟು ಹೇಳುವ ಅಗತ್ಯವೇನಿದೆ? ಬೇರೆಯಾದ ಚಿಕ್ಕಮ್ಮನ ಮನೆಯ ಒಗ್ಗರಣೆಯ ವಾಸನೆ ಗೋಡೆ ದಾಟಿ ಬರುತ್ತಿತ್ತು, ಚಿಕ್ಕಮ್ಮ ಬರುತ್ತಿರಲಿಲ್ಲ. ಅವ್ವ ಮಾತ್ರ ವರ್ಷಗಟ್ಟಲೆ ಅಂದಳು, "ಅವರಕಿಂತ ಮೊದಲ ನಾವ ಹೇಳಬೇಕಿತ್ತು. ಮರ್ಯಾದಿ ಆದ್ರೂ ಉಳೀತಿತ್ತು."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಒರೆಸುವ ಅರಿವೆ ಹಿಡಿದು ಸುಮಂಗಲಾ ಹೊರಗೆ ಬಂದಳು.

"ಬಂದೀ ಏನ? ಸಾವಕಾಶ ದಾಟಿ ಬಾ. ಎಡವಿ ಬಿದ್ದಿ ಅಂದ್ರ ನಿನ್ನ ಗಂಡ ನನ್ನ ಪೊಲೀಸರಿಗೆ ಕೊಡ್ತಾನ."

ನೀಲಿಮಾ ನಗಲಿಲ್ಲ. "ಎಲ್ಲಾ ಒಬ್ಬರ ಮಾಡಿದ್ರೀ ಅಕ್ಕಾ?"

"ಮತ್ತ? ನಿನ್ನ ಕಾಯ್ಕೋತ ಕೂತ್ರ ಮುಗೀತು. ಒಂದು ಡಬ್ಬಿ ಸರಸಲಿಕ್ಕೆ ಪಂಚಾಂಗ ನೋಡಾಕಿ ನೀ." ಸುಮಂಗಲಾ ಹಣೆ ಒರೆಸಿಕೊಂಡಳು. "ಒಳಗ ಕೈ ಆಡಸಲಿಕ್ಕೆ ಜಾಗಾ ಇಲ್ಲದಂಗ ಆಗಿತ್ತು. ಎಂದಿದ್ರೂ ಇದನ್ನ ಮಾಡೋದ ಇತ್ತು."

ಎಂದಿದ್ದರೂ ಮಾಡುವುದೇ ಇತ್ತು. ಇನ್ನು ಬೇರೆಯಾಗುವ ಮಾತು ಬರುತ್ತದೆ. ಅದು ಆ ಬಾಯಿಂದ ಬರುವ ಮೊದಲೇ ಏನಾದರೂ ಆಡಬೇಕು.

"ನಾವು ಬ್ಯಾರೆ ಇರ್ತೀವ್ರೀ ಅಕ್ಕಾ. ನಾನೂ ಅದನ್ನ ಹೇಳಬೇಕಂತ ಇದ್ದೆ. ನೀವು ಸಂಕೋಚ ಮಾಡ್ಕೋಬ್ಯಾಡ್ರಿ."

ಸುಮಂಗಲಾಳ ಕೈ ನಿಂತಿತು. "ಏನಂದೀ?"

"ಅಲ್ಲಿ ಒಲಿ ಇಟ್ಟೀರಲ್ಲ…"

"ಒಲಿ ಇಡದ ಏನ್ ಮಾಡ್ಲಿ? ನಾಳೆ ಜಿರಳಿ ಔಷಧ ಹೊಡಿಯವ್ರು ಬರ್ತಾರ. ಒಂದು ದಿವಸ ಒಳಗ ಅಡಿಗಿ ಮಾಡಬ್ಯಾಡ್ರಿ ಅಂದಾರ."

"ಮತ್ತ ಹೆಸರು ನೋಡಿ ನೋಡಿ ಪಾತ್ರೆ ಬ್ಯಾರೆ ಮಾಡಿದ್ದು?"

"ನನ್ನವೆಲ್ಲಾ ಜಜ್ಜಿ ಹೋಗ್ಯಾವು. ಹಳೇ ಸಾಮಾನು ಒಯ್ಯೋ ಭಂಗಾರದವಗ ಹಾಕಿ ಇನ್ನ ಮ್ಯಾಲೆ ನಿನ್ನವನ್ನ ಬಳಸೋಣ ಅನ್ಕೊಂಡೆ. ನಿನ್ನ ತಾಟಿನ್ಯಾಗ ಉಂಡ್ರ ನಿನಗೂ ಇದು ನಿನ್ನ ಮನಿ ಅನಸ್ತದ ಅಂತ." ಸುಮಂಗಲಾ ಅರಿವೆಯನ್ನು ನಿಧಾನವಾಗಿ ಮಡಿಚಿದಳು. "ನಿನ್ನ ವಿಚಾರ ಬ್ಯಾರೇನ ಇತ್ತು."

"ತಪ್ಪು ತಿಳ್ಕೊಂಡ್ನಿರೀ. ಒಲಿ ನೋಡಿ ಹೆದರಿಕಿ ಆತು."

"ಒಲಿ ನೋಡಿದ್ದು ಈಗ. 'ಹೇಳಬೇಕಂತ ಇದ್ದೆ' ಅಂದ್ಯಲ್ಲ, ಅದು ಎಂದಿನಿಂದ?"

"ಅದು ಸುಳ್ಳು. ಮರ್ಯಾದಿ ಉಳೀಲಿ ಅಂತ ಅಂದೆ."

"ಮರ್ಯಾದಿ? ನನ್ನ ಮುಂದ?"

ನೀಲಿಮಾಳ ಕಣ್ಣು ತುಂಬಿಕೊಂಡಿತು, ಆದರೆ ಈಗ ಅತ್ತರೆ ಅದೂ ಒಂದು ಆಟದಂತೆ ಕಂಡೀತೆಂದು ತಡೆದುಕೊಂಡಳು. ಸುಮಂಗಲಾ ಒಳಗೆ ಹೋಗಿ ಬರಿದಾದ ಕಟ್ಟೆಯ ಮೇಲೆ ಅಕ್ಕಿಯ ಡಬ್ಬಿ ತೆರೆದಳು. ಬೆನ್ನು ಈ ಕಡೆಗಿತ್ತು.

"ಅಕ್ಕಿ ಎಷ್ಟು ಮಂದಿಗೆ ಹಾಕ್ಲಿ?"

"ನಾಲ್ಕೂ ಮಂದಿಗೆ ರೀ."

"ಇವತ್ತೊಂದಿನ ಏನು?"

"ಯಾವಾಗ್ಲೂ," ಎಂದಳು ನೀಲಿಮಾ.

ಸುಮಂಗಲಾ ನಾಲ್ಕು ಮಂದಿಗಾಗುವಷ್ಟು ಅಕ್ಕಿ ಹಾಕಿ ನಳದ ಕೆಳಗೆ ಹಿಡಿದಳು. ತಿರುಗಲಿಲ್ಲ. ಉಳ್ಳಾಗಡ್ಡಿ ಹೆಚ್ಚು ಎಂದೋ, ಅಡ್ಡ ನಿಂತೀಯಲ್ಲ ಸರಿ ಎಂದೋ, ಎಂದಿನಂತೆ ಏನಾದರೊಂದು ಬೈದು ಹೇಳಲಿ ಎಂದು ಕಾಯುತ್ತ ನೀಲಿಮಾ ಬಾಗಿಲಲ್ಲೇ ನಿಂತಳು.